ಅದನ್ನು ಓದಿ ಏನು ಮಾಡ್ತಾಳೆ?

ಅಡಿಕೆ ಸುಗ್ಗಿಯ ಒಂದು ಸಂಜೆ. ಶಾಲೆಯಿಂದ ಬಂದವಳು ಕಾಫಿಗೆ ನೀರಿಡುತ್ತಿದ್ದೆ. ಗೇಟಿನ ಸದ್ದಾಯಿತು. ಬಂದವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ. ಅಡಿಕೆ ಸುಲಿದು ಸುಲಿದು ಚೊಗರಿನಿಂದ ಕಪ್ಪಾಗಿದ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಗಲಿಯ ಮೇಲೆ ಕುಳಿತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಮಗಳು ಬಿ.ಎ. ಮುಗ್ಸಿದ್ಲಲ್ಲ ಟೀಚ್ರೇ. ಬಿ.ಎಡ್.ಗೆ ಸೇರ್ಸನ ಅಂದ್ರೆ ಬ್ಯಾಡ ಅಂತಾಳೆ. ಅದೆಂಥದೋ ಅಂತರರಾಷ್ಟ್ರೀಯ ಸಂಬಂಧ ಅಂತೆ, ಅಭಿವೃದ್ಧಿ ಅಂತೆ. ಅದ್ರಲ್ಲಿ ಎಂ.ಎ. ಮಾಡ್ತೀನಿ, ದೆಹಲಿಗೆ ಹೋಗ್ತೀನಿ ಅಂತ ಹಟ ಹಿಡಿದು ಕೂತಿದಾಳೆ. ನಾವು ಸಂಬಂಧ ನೋಡೋ ಹೊತ್ತಲ್ಲಿ ಇವಳದೆಂಥ ಸಂಬಂಧ! ಅದನ್ನ ಓದಿ ಏನ್ ಮಾಡ್ತಾಳೆ, ನೀವೇ ಹೇಳಿ."

'ಸಂಬಂಧ'ದ ಮಾತಿಗೆ ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ನನಗೆ ಉತ್ತರ ಹೊಳೆಯಲಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಭಾರತದ ವಿದೇಶಾಂಗ ನೀತಿಯ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೋ ಲೆಕ್ಕವಿಲ್ಲ. ಪಂಚಶೀಲ ತತ್ವಗಳು ಐದು, ಅಲಿಪ್ತ ನೀತಿ ಎಂದರೆ ಇಂಥದ್ದು, ಬರೆದುಕೊಳ್ಳಿ, ಎರಡು ಅಂಕ. ಅದನ್ನೇ ಜೀವನದ ಓದಾಗಿ ಆರಿಸಿಕೊಂಡವರು ಯಾರು, ಆ ಓದು ಎಲ್ಲಿಂದ ಬಂತು ಎಂದು ನಾನೇ ಯೋಚಿಸಿದವಳಲ್ಲ. ನಾನು ಬಿ.ಎ. ಮುಗಿಸಿದಾಗ ನಮ್ಮಂಥ ಹುಡುಗಿಯರ ಮುಂದೆ ಎರಡು ಬಾಗಿಲುಗಳಿದ್ದವು, ಬಿ.ಎಡ್. ಇಲ್ಲವೇ ಮದುವೆ. ನಾನು ಎರಡನ್ನೂ ದಾಟಿ ಬಂದೆ. ಅದರ ಬಗ್ಗೆ ದೂರಿಲ್ಲ. ಮೂರನೆಯ ಬಾಗಿಲು ಇದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

"ನಾಲ್ಕು ದಿನ ಬಿಟ್ಟು ಬನ್ನಿ, ನೋಡಿ ಹೇಳ್ತೀನಿ" ಎಂದು ಕಳುಹಿಸಿದೆ. ಆ ನಾಲ್ಕು ದಿನ ನಾನು ಓದಿಕೊಂಡದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ. ಇಂಥದೇ ಪ್ರಶ್ನೆ ನಿಮ್ಮ ಮನೆಯ ಜಗಲಿಗೂ ಬಂದೀತು.

ಕತೆ ಶುರುವಾಗುವುದು 1947ರ ಮಾರ್ಚಿನಲ್ಲಿ. ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕೂವರೆ ತಿಂಗಳಿತ್ತು. ದೆಹಲಿಯ ಪುರಾನಾ ಕಿಲಾದಲ್ಲಿ ಮಾರ್ಚ್ 23ರಿಂದ ಏಪ್ರಿಲ್ 2ರವರೆಗೆ ಏಷ್ಯನ್ ಬಾಂಧವ್ಯ ಸಮ್ಮೇಳನ ನಡೆಯಿತು. ಕರೆದದ್ದು ಸರ್ಕಾರವಲ್ಲ, 1943ರಲ್ಲಿ ಹುಟ್ಟಿದ್ದ 'ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್' ಎಂಬ ವಿದ್ವಾಂಸರ ಸಂಸ್ಥೆ. ಉದ್ಘಾಟಿಸಿದವರು ನೆಹರೂ. ಅಧ್ಯಕ್ಷತೆ ಸರೋಜಿನಿ ನಾಯ್ಡು ಅವರದು. ಕೊನೆಯ ದಿನ ಗಾಂಧೀಜಿ ಬಂದು ಮಾತಾಡಿದರು. ಟಿಬೆಟ್‌ನಿಂದ ಇಂಡೋನೇಷ್ಯಾದವರೆಗೆ ಇಪ್ಪತ್ತಕ್ಕೂ ಹೆಚ್ಚು ನಾಡುಗಳ ಜನ ಒಂದೇ ಚಪ್ಪರದಡಿ ಕುಳಿತಿದ್ದರು. ಅಕ್ಕಪಕ್ಕದ ಮನೆಯವರೇ ಆದರೂ ಇವರು ಒಬ್ಬರನ್ನೊಬ್ಬರು ಅಷ್ಟುದಿನ ಸರಿಯಾಗಿ ನೋಡಿರಲಿಲ್ಲ. ಬರ್ಮಾದವರಿಗೂ ನಮಗೂ ನಡುವೆ ಲಂಡನ್ ಇತ್ತು. ಇಂಡೋನೇಷ್ಯಾಕ್ಕೂ ನಮಗೂ ನಡುವೆ ಹೇಗ್ ಪಟ್ಟಣವಿತ್ತು. ಏಷ್ಯಾದ ಬಗ್ಗೆ ಪುಸ್ತಕ ಬೇಕೆಂದರೆ ಅದು ಯೂರೋಪಿನ ಕಪಾಟಿನಿಂದಲೇ ಬರಬೇಕಿತ್ತು.

ಆ ಸಮ್ಮೇಳನದ ಚರ್ಚೆಯ ಪಟ್ಟಿ ನೋಡಿ ನನಗೆ ಆಶ್ಚರ್ಯವಾಯಿತು. ಸ್ವಾತಂತ್ರ್ಯ ಚಳವಳಿ, ವಲಸೆ, ಕೃಷಿ, ಕೈಗಾರಿಕೆ, ಕಾರ್ಮಿಕರು ಎಂಬ ವಿಷಯಗಳ ಜೊತೆಗೆ ಸ್ತ್ರೀಯರ ಸ್ಥಾನಮಾನ ಮತ್ತು ಮಹಿಳಾ ಚಳವಳಿ ಎಂಬುದೂ ಒಂದು ವಿಷಯವಾಗಿತ್ತು. ಎಂದರೆ ದೇಶದೇಶಗಳ ಸಂಬಂಧ, ಬಡತನ ನೀಗುವ ದಾರಿ, ಹೆಂಗಸರ ಪಾಡು ಈ ಮೂರನ್ನೂ ಮೊದಲ ದಿನವೇ ಒಂದೇ ಎಲೆಯಲ್ಲಿ ಬಡಿಸಿದ್ದರು. ಬೇರೆ ಬೇರೆ ಪಂಕ್ತಿ ಮಾಡಿದ್ದು ಆಮೇಲೆ.

ಅದೇ ಮಾರ್ಚ್ ತಿಂಗಳ ಕೊನೆಯಲ್ಲಿ ವಿಶ್ವಸಂಸ್ಥೆ ಏಷ್ಯಾ ಮತ್ತು ದೂರಪ್ರಾಚ್ಯದ ಆರ್ಥಿಕ ಆಯೋಗವನ್ನು ಸ್ಥಾಪಿಸಿತು. ಶಾಂಘೈನಲ್ಲಿ ಶುರುವಾಗಿ ಆಮೇಲೆ ಬ್ಯಾಂಕಾಕಿಗೆ ಹೋದ ಆ ಆಯೋಗದ ಮೊದಲ ಮುಖ್ಯಸ್ಥರು ನಮ್ಮ ದೇಶದ ಅರ್ಥಶಾಸ್ತ್ರಜ್ಞ ಪಿ.ಎಸ್. ಲೋಕನಾಥನ್. 1948ರ ಜೂನ್‌ನಲ್ಲಿ ಅದರ ಒಂದು ಅಧಿವೇಶನ ನಡೆದದ್ದು ನಮ್ಮ ಮೈಸೂರಿನ ಪಕ್ಕದ ಊಟಿಯಲ್ಲಿ. ನಾವು ಹನಿಮೂನಿಗೆ, ಶಾಲಾ ಪ್ರವಾಸಕ್ಕೆ ಹೋಗುವ ಊಟಿ!

ಹೊಸದಾಗಿ ಬಿಡುಗಡೆಯಾದ ದೇಶಗಳಿಗೆ ರಾಯಭಾರಿಗಳು ಬೇಕಾಗಿದ್ದರು, ಯೋಜನೆ ಹಾಕುವವರು ಬೇಕಾಗಿದ್ದರು. ಅವರನ್ನು ತಯಾರು ಮಾಡುವ ಶಾಲೆ ಮಾತ್ರ ಇರಲಿಲ್ಲ. 1952ರಲ್ಲಿ ಹೇಗ್ ಪಟ್ಟಣದಲ್ಲಿ ಬಡ ದೇಶಗಳ ವಿದ್ಯಾರ್ಥಿಗಳಿಗಾಗಿಯೇ ಸಮಾಜ ಅಧ್ಯಯನ ಸಂಸ್ಥೆಯೊಂದು ತೆರೆಯಿತು. ಇಂಡೋನೇಷ್ಯಾವನ್ನು ಕಳೆದುಕೊಂಡು ಡಚ್ಚರಿಗೆ ಆಗಿನ್ನೂ ಮೂರು ವರ್ಷ. ನಿನ್ನೆಯವರೆಗೆ ಆಳಿದವರ ಊರಿಗೇ ಹೋಗಿ, ನಮ್ಮ ಬಡತನ ಹೋಗಿಸುವುದು ಹೇಗೆಂದು ಕಲಿಯಬೇಕಾದ ಪರಿಸ್ಥಿತಿ. ಕಲಿತವರು ಒಳ್ಳೆಯದನ್ನೇ ಕಲಿತರು. ಆದರೂ ಅತ್ತೆಮನೆಯ ಜಗಳಕ್ಕೆ ಅತ್ತೆಯ ತವರಿನಲ್ಲೇ ಪಂಚಾಯಿತಿ ಮಾಡಿಸಿದ ಹಾಗೆ ಅನ್ನಿಸುವುದಿಲ್ಲವೇ?

1955ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ ಮತ್ತು ಆಫ್ರಿಕಾದ 29 ದೇಶಗಳು ಸೇರಿದವು. ಪರಸ್ಪರ ವ್ಯಾಪಾರ, ತಂತ್ರಜ್ಞಾನದ ನೆರವಿನ ಜೊತೆಗೆ ಒಬ್ಬರ ಸಂಸ್ಕೃತಿಯನ್ನು ಇನ್ನೊಬ್ಬರು ತಿಳಿಯಬೇಕೆಂದೂ ಒಪ್ಪಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ 'ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್' ಆರಂಭವಾಯಿತು. ಸಪ್ರು ಹೌಸ್ ಎಂಬ ಕಟ್ಟಡದಲ್ಲಿತ್ತು. ಹಿಂದೆ ನಿಂತವರು ಹೃದಯನಾಥ ಕುಂಜ್ರು, ನಡೆಸಿದವರು ಎ. ಅಪ್ಪಾದೊರೈ. ಪದವಿಯ ನಂತರದ ಸಂಶೋಧನೆ ಅಲ್ಲಿಯ ಕೆಲಸ. ಚೀನಾ, ರಷ್ಯಾ, ಪಶ್ಚಿಮ ಏಷ್ಯಾ, ಆಗ್ನೇಯ ಏಷ್ಯಾ ಎಂದು ಒಬ್ಬೊಬ್ಬರು ಒಂದೊಂದು ಪ್ರದೇಶವನ್ನು ಆರಿಸಿಕೊಂಡು ಆ ನಾಡಿನ ಭಾಷೆಯನ್ನೂ ಕಲಿಯಬೇಕಿತ್ತು. 1970ರಲ್ಲಿ ಈ ಸಂಸ್ಥೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ಅಲ್ಲಿ ಎಂ.ಎ. ತರಗತಿಗಳೂ ಶುರುವಾದ ಮೇಲೆ, ನನ್ನ ವಿದ್ಯಾರ್ಥಿನಿಯಂಥ ಹುಡುಗಿಯೂ ಅರ್ಜಿ ಹಾಕಬಹುದಾದ ಓದಾಯಿತು.

ಓದಿನ ಬಾಗಿಲು ತೆರೆದರೆ ಸಾಕೇ? ಹೊಸ್ತಿಲ ಮೇಲೆ ಯಾರು ಕಾಲಿಡಬಹುದು ಎಂಬುದಕ್ಕೂ ಒಂದು ಚರಿತ್ರೆ ಉಂಟು. ಅದನ್ನು ಬರೆದವರು ನಮ್ಮ ಕೊಡಗಿನ ಒಬ್ಬ ಹೆಣ್ಣುಮಗಳು.

ಸಿ.ಬಿ. ಮುತ್ತಮ್ಮ 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು. ಒಂಬತ್ತನೆಯ ವಯಸ್ಸಿಗೇ ತಂದೆ ತೀರಿಕೊಂಡರು. ನಾಲ್ವರು ಮಕ್ಕಳನ್ನು ಓದಿಸಿದ್ದು ತಾಯಿ. ಮಡಿಕೇರಿಯ ಶಾಲೆ, ಮದರಾಸಿನ ಕಾಲೇಜು, ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಓದು. ಅವರ ಕಾಲಕ್ಕೆ ಅಂತರರಾಷ್ಟ್ರೀಯ ಸಂಬಂಧ ಎಂಬ ವಿಷಯವನ್ನು ಕಲಿಸುವ ಶಾಲೆ ನಮ್ಮಲ್ಲಿ ಎಲ್ಲಿತ್ತು? ಆದರೂ ಪರೀಕ್ಷೆ ಬರೆದು ಪಾಸಾಗಿ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆಯಾದರು. ಸಂದರ್ಶನ ಮಾಡಿದವರು, ಈ ಕೆಲಸ ಹೆಂಗಸರಿಗೆ ತಕ್ಕುದಲ್ಲ ಎಂದು ಮನಸ್ಸು ತಿರುಗಿಸಲು ನೋಡಿದ್ದರಂತೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡೇ ಅವರನ್ನು ಸೇರಿಸಿಕೊಂಡರು.

ಆ ಸೇವೆಯ 1961ರ ನಿಯಮಗಳನ್ನು ಓದಿದಾಗ ನನಗೆ ನಮ್ಮ ಅಜ್ಜಿಯ ಕಾಲದ ಮನೆಯ ಕಟ್ಟಳೆಗಳೇ ನೆನಪಾದವು. ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ವಿವಾಹಿತ ಸ್ತ್ರೀಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ಗಂಡಸರಿಗೆ ಇದಾವುದೂ ಅನ್ವಯಿಸದು. ಅವರಿಗೆ ಸಂಸಾರವಿರುವುದಿಲ್ಲವೆಂದೋ ಏನೋ!

ಮುತ್ತಮ್ಮ 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಸೇವೆಯೊಳಗಿಂದ ಬೆಳೆದು ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ ಅವರೇ. ಮುಂದೆ ಅತಿ ಹಿರಿಯ ದರ್ಜೆಗೆ ಬಡ್ತಿ ನಿರಾಕರಿಸಿದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸರ್ಕಾರ ಒಂದು ನಿಯಮವನ್ನು 1973ರಲ್ಲೇ ಕೈಬಿಟ್ಟಿತ್ತು, ಇನ್ನೊಂದನ್ನೂ ತೆಗೆಯುವುದಾಗಿ ಹೇಳಿತು. ವಿಚಾರಣೆಯ ಹೊತ್ತಿಗೆ ಬಡ್ತಿಯನ್ನೂ ಕೊಟ್ಟಿತು. ಹಾಗಾಗಿ 1979ರ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನೆ ವಜಾ ಮಾಡಲಿಲ್ಲ. ಮದುವೆಯಾದ ಗಂಡಿಗೆ ಇರುವ ಹಕ್ಕು ಮದುವೆಯಾದ ಹೆಣ್ಣಿಗೂ ಇರಬೇಕು, ಹೆಣ್ಣಿಗೆ ಅನ್ಯಾಯ ಮಾಡುವ ಕಲೆಯನ್ನು ಸೇವಾ ನಿಯಮಗಳಿಂದ ತೊಳೆಯಬೇಕು ಎಂಬರ್ಥದಲ್ಲಿ ಖಾರವಾಗಿ ಬರೆದರು. ಅರ್ಜಿ ಸೋತಿತು, ಅರ್ಜಿದಾರಳು ಗೆದ್ದಳು. ಮುತ್ತಮ್ಮ 1982ರಲ್ಲಿ ನಿವೃತ್ತರಾಗಿ 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆ ವರ್ಷವೇ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ್ದ ನಿರುಪಮಾ ರಾವ್ ದೇಶದ ವಿದೇಶಾಂಗ ಕಾರ್ಯದರ್ಶಿಯಾದರು. ಅವರಿಗೂ ಮೊದಲು 2001ರಲ್ಲಿ ಚೋಕಿಲಾ ಅಯ್ಯರ್ ಆ ಸ್ಥಾನಕ್ಕೇರಿದ ಮೊದಲ ಮಹಿಳೆಯಾಗಿದ್ದರು.

ಇನ್ನು 'ಅಭಿವೃದ್ಧಿ'ಯ ವಿಚಾರಕ್ಕೆ ಬರೋಣ. ಇದು ನಮ್ಮೆಲ್ಲರ ಅಡುಗೆಮನೆಗೆ ಇನ್ನೂ ಹತ್ತಿರದ್ದು.

ದೇಶದ ವರಮಾನವನ್ನು ಲೆಕ್ಕ ಹಾಕುವ ಶಾಸ್ತ್ರಕ್ಕೆ ನಮ್ಮಲ್ಲಿ ಅಡಿಪಾಯ ಹಾಕಿದವರಲ್ಲಿ ವಿ.ಕೆ.ಆರ್.ವಿ. ರಾವ್ ಪ್ರಮುಖರು. ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ವರಮಾನದ ಮೇಲೆ ಕೇಂಬ್ರಿಡ್ಜಿನಲ್ಲಿ ಸಂಶೋಧನೆ ಮಾಡಿ ಬಂದು, 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1958ರಲ್ಲಿ ದೆಹಲಿಯಲ್ಲೇ ಇನ್ನೊಂದು ಸಂಸ್ಥೆ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ, ಹೀಗೆ ಒಂದಾದ ಮೇಲೊಂದು ಕಟ್ಟಿದರು. ಅಭಿವೃದ್ಧಿಯನ್ನು ಓದಲು ಹೊರದೇಶಕ್ಕೇ ಹೋಗಬೇಕೆಂಬುದು ಇವರಿಂದ ತಪ್ಪಿತು.

ಆದರೆ ಆ ಲೆಕ್ಕದ ಪುಸ್ತಕದಲ್ಲಿ ಒಂದು ದೊಡ್ಡ ಖಾಲಿ ಜಾಗವಿತ್ತು. ಜನಗಣತಿಗೆ ಬರುವವರು "ಹೆಂಡತಿ ಏನು ಮಾಡ್ತಾರೆ?" ಎಂದು ಕೇಳುತ್ತಾರೆ. "ಏನೂ ಇಲ್ಲ, ಮನೇಲಿರ್ತಾಳೆ" ಎಂದು ಗಂಡ ಬರೆಸುತ್ತಾನೆ. ಅಷ್ಟು ಹೊತ್ತಿಗೆ ಆಕೆ ಕೊಟ್ಟಿಗೆ ಬಳಿದು, ನೀರು ಹೊತ್ತು, ಸೌದೆ ತಂದು, ದನಕ್ಕೆ ಹುಲ್ಲು ಹಾಕಿ ಬಂದಿರುತ್ತಾಳೆ. 1970ರಲ್ಲಿ ಡೆನ್ಮಾರ್ಕಿನ ಎಸ್ತರ್ ಬೋಸರಪ್ ಆರ್ಥಿಕ ಅಭಿವೃದ್ಧಿಯಲ್ಲಿ ಮಹಿಳೆಯ ಪಾತ್ರವನ್ನು ಕುರಿತ ಪುಸ್ತಕ ಬರೆದು, ಅಭಿವೃದ್ಧಿಯ ಹೆಸರಿನ ಬದಲಾವಣೆಗಳು ಹೆಂಗಸರನ್ನು ಹಿಂದಕ್ಕೂ ತಳ್ಳಬಹುದು ಎಂದು ತೋರಿಸಿದರು. ನಮ್ಮಲ್ಲಿ ಆ ಕೆಲಸಕ್ಕೆ ಕೈಹಾಕಿದವರು ಮೈಸೂರಿನಲ್ಲಿ 1933ರಲ್ಲಿ ಹುಟ್ಟಿದ ದೇವಕಿ ಜೈನ್. ಆಕ್ಸ್‌ಫರ್ಡಿನಲ್ಲಿ ಓದಿ, ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ಅರ್ಥಶಾಸ್ತ್ರ ಕಲಿಸಿದವರು.

1970ರ ದಶಕದಲ್ಲಿ ಅವರ ತಂಡ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಒಂದು ಸರಳ ಕೆಲಸ ಮಾಡಿತು. "ನೀವು ಕೆಲಸ ಮಾಡ್ತೀರಾ?" ಎಂದು ಕೇಳುವ ಬದಲು, ಬೆಳಗಿನಿಂದ ರಾತ್ರಿಯವರೆಗೆ ಮನೆಯ ಯಾರು ಏನು ಮಾಡುತ್ತಾರೆಂದು ಕುಳಿತು ಗಮನಿಸಿ ಬರೆದುಕೊಂಡಿತು. ಸರ್ಕಾರಿ ಲೆಕ್ಕದಲ್ಲಿ ಕೆಲಸವಿಲ್ಲದವರಾಗಿದ್ದ ಅನೇಕ ಹೆಂಗಸರು, ಪುಟ್ಟ ಹುಡುಗಿಯರು ಕೂಡ, ದಿನವಿಡೀ ದುಡಿಯುತ್ತಿದ್ದರು. ನಮ್ಮ ನಿಮ್ಮ ಪಾಲಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಗೊತ್ತಿರುವುದು ಬೇರೆ, ಅಂಕಿಯಲ್ಲಿ ಬರೆದು ಮೇಜಿನ ಮೇಲಿಡುವುದು ಬೇರೆ. ಅದನ್ನು ಮಾಡಲು ಓದು ಬೇಕಾಯಿತು. ಮುಂದೆ ಸರ್ಕಾರವೇ 2019ರಲ್ಲಿ ಇಡೀ ದೇಶದ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಆ ವರ್ಷ ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಹಾಗೆ ತೊಡಗಿದ್ದ ಗಂಡಸರು 97 ನಿಮಿಷ ಎಂದು ಸರ್ಕಾರದ ದಾಖಲೆಯೇ ಹೇಳಿತು.

1984ರ ಆಗಸ್ಟ್‌ನಲ್ಲಿ ದೇವಕಿ ಜೈನ್ ಬೆಂಗಳೂರಿನಲ್ಲಿ ಒಂದು ಸಭೆ ಕರೆದರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಮಹಿಳಾ ವಿದ್ವಾಂಸರೂ ಕಾರ್ಯಕರ್ತೆಯರೂ ಸೇರಿದ ಆ ಸಭೆಯಿಂದ 'ಡಾನ್' ಎಂಬ ಒಕ್ಕೂಟ ಹುಟ್ಟಿತು. ಮರುವರ್ಷ ನೈರೋಬಿಯಲ್ಲಿ ನಡೆದ ವಿಶ್ವ ಮಹಿಳಾ ಸಮ್ಮೇಳನಕ್ಕೆ ಅವರು ತಮ್ಮದೇ ವರದಿ ಒಯ್ದರು. ಬಡ ದೇಶದ ಹೆಂಗಸರ ಪರವಾಗಿ ಶ್ರೀಮಂತ ದೇಶದವರು ಮಾತಾಡುವ ಅಗತ್ಯ ಅಲ್ಲಿಗೆ ಮುಗಿಯಿತು. 1990ರಲ್ಲಿ ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಮತ್ತು ನಮ್ಮ ಅಮರ್ತ್ಯ ಸೇನ್ ಸೇರಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಲೋಕದ ಮುಂದಿಟ್ಟರು. ಒಂದು ದೇಶದ ಏಳಿಗೆಯನ್ನು ಹಣದಿಂದ ಮಾತ್ರವಲ್ಲ, ಆಯುಸ್ಸು ಮತ್ತು ವಿದ್ಯೆಯಿಂದಲೂ ಅಳೆಯಬೇಕು ಎಂಬುದು ಅದರ ತಿರುಳು. ಇಬ್ಬರೂ ಕೇಂಬ್ರಿಡ್ಜಿನಲ್ಲಿ ಸಹಪಾಠಿಗಳಾಗಿದ್ದವರು. ಎರಡು ದೇಶಗಳು ಮಾತು ಬಿಟ್ಟಾಗಲೂ ಇಬ್ಬರು ಸ್ನೇಹಿತರು ಲೆಕ್ಕ ಬಿಡಲಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಜಗಲಿಯ ಮೇಲೆ ಕುಳಿತ ತಾಯಿಗೆ ಹೇಳುವಂಥ ಮಾತು ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಅವರ ಬೆರಳಿನಲ್ಲಿ. ನಾಲ್ಕನೆಯ ದಿನ ಅವರು ಬಂದಾಗ ಕೇಳಿದೆ, "ಈ ಸಲ ಅಡಿಕೆ ರೇಟು ಹೇಗಿದೆ?"

"ಅದೆಂಥದೋ ಹೊರಗಿಂದ ಅಡಿಕೆ ತರಿಸ್ತಾರಂತೆ ಟೀಚ್ರೇ. ಸಾಹುಕಾರ್ರು ಅದೇ ಹೇಳ್ತಾ ಸುಲಿಯೋ ಕೂಲಿ ಜಾಸ್ತಿ ಮಾಡಕ್ಕಾಗಲ್ಲ ಅಂತಾರೆ."

"ಯಾರು ತರಿಸೋದು, ಯಾಕೆ ತರಿಸೋದು ಗೊತ್ತಾ?"

"ನಮಗೇನು ಗೊತ್ತು!"

ಆಗ ಹೇಳಿದೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಲು ಒಪ್ಪಿಗೆ ಕೊಟ್ಟಿತು. ಮಲೆನಾಡಿನ ಬೆಳೆಗಾರರು ಗಾಬರಿಯಾದರು. 2023ರ ಫೆಬ್ರವರಿಯಲ್ಲಿ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಎಂದರೆ, ಬೇರೆ ದೇಶಗಳಿಂದ ಅದಕ್ಕಿಂತ ಅಗ್ಗದ ಅಡಿಕೆ ಒಳಗೆ ಬರಬಾರದೆಂದು. ಭೂತಾನ್ ನಮ್ಮ ಸ್ನೇಹದ ದೇಶ, ಪುಟ್ಟ ದೇಶ. ಅಲ್ಲೂ ಅಡಿಕೆಯಿಂದಲೇ ಮಕ್ಕಳನ್ನು ಓದಿಸುವ ತಾಯಂದಿರಿದ್ದಾರು. ಅವರ ಅಡಿಕೆಯನ್ನು ಕೊಳ್ಳಬೇಕೇ ಬೇಡವೇ, ಕೊಂಡರೆ ಎಷ್ಟು, ಯಾವ ಬೆಲೆಗೆ ಎಂದು ಎರಡು ದೇಶದವರು ಒಂದು ಮೇಜಿನ ಸುತ್ತ ಕುಳಿತು ಮಾತಾಡುತ್ತಾರೆ. ಅದೇ ಅಂತರರಾಷ್ಟ್ರೀಯ ಸಂಬಂಧ. ಆ ಮಾತಿನಿಂದ ಅಡಿಕೆ ಸುಲಿಯುವವಳ ಕೂಲಿ ಏನಾಯಿತು ಎಂದು ನೋಡುವುದೇ ಅಭಿವೃದ್ಧಿಯ ಅಧ್ಯಯನ. "ಆ ಮೇಜಿನ ಸುತ್ತ ಕೂತವರಲ್ಲಿ ಅಡಿಕೆ ಸುಲಿದು ಗೊತ್ತಿರೋರು ಎಷ್ಟು ಜನ ಇದ್ದಾರು?" ಎಂದು ಕೇಳಿದೆ.

ಅವರು ಮಾತಾಡಲಿಲ್ಲ. ಕೈ ಸೆರಗಿನಿಂದ ಹೊರಗೆ ಬಂದಿತ್ತು.

ನಾನು ಸುಳ್ಳು ಆಸೆಯನ್ನೂ ಹುಟ್ಟಿಸಲಿಲ್ಲ. ಬಿ.ಎಡ್. ಮಾಡಿದರೆ ಖಾಸಗಿ ಶಾಲೆಯಲ್ಲಾದರೂ ಒಂದು ಕೆಲಸ ಸಿಕ್ಕೀತು. ಈ ಎಂ.ಎ.ಗೆ ಅಂಥ ಭರವಸೆಯಿಲ್ಲ. ವಿದೇಶಾಂಗ ಸೇವೆಯ ಪರೀಕ್ಷೆ ಬಹಳ ಕಠಿಣ, ಅಲ್ಲಿಗೆ ತಲುಪುವವರು ಬೆರಳೆಣಿಕೆಯ ಮಂದಿ. ಉಳಿದವರು ಸಂಶೋಧನೆ, ಪತ್ರಿಕೆ, ಸ್ವಯಂಸೇವಾ ಸಂಸ್ಥೆ, ಕಾಲೇಜು ಪಾಠ ಎಂದು ದಾರಿ ಹುಡುಕಬೇಕು, ಅದಕ್ಕೆ ಕೆಲವು ವರ್ಷ ಹಿಡಿಯಬಹುದು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಮೊದಲ ವರ್ಷ ಕಣ್ಣೀರು ಬರುತ್ತದೆ. ಇದನ್ನೆಲ್ಲ ಮಗಳಿಗೂ ಫೋನಿನಲ್ಲಿ ಹೇಳಿದೆ. ದಾರಿಗಳನ್ನೂ ಹೇಳಿದೆ. ದೆಹಲಿಯ ಜೆ.ಎನ್.ಯು. ಇದೆ. ಸಾರ್ಕ್‌ನ ಎಂಟು ದೇಶಗಳು ಸೇರಿ 2010ರಲ್ಲಿ ದೆಹಲಿಯಲ್ಲೇ ತೆರೆದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯವಿದೆ. ಅಲ್ಲಿ ನೇಪಾಳದವಳೂ ಬಾಂಗ್ಲಾದೇಶದವಳೂ ಪಕ್ಕದ ಬೆಂಚಿನಲ್ಲಿ ಸಿಗುತ್ತಾರೆ. 2014ರ ನಂತರ ಸಾರ್ಕ್ ನಾಯಕರು ಒಂದು ಸಲವೂ ಶೃಂಗಸಭೆಗೆ ಕೂತಿಲ್ಲ, ಆ ವಿದ್ಯಾರ್ಥಿಗಳು ಮಾತ್ರ ಕೂತಿದ್ದಾರೆ. ದೂರ ಬೇಡವೆಂದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದಲ್ಲಿ ಎಂ.ಎ. ಇದೆ.

ತಾಯಿ ಎದ್ದು ನಿಂತರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು: "ಆ ಕೊಡಗಿನಮ್ಮನ ತಾಯಿಗೂ ಜನ ಹಿಂಗೇ ಕೇಳಿರಬೇಕಲ್ಲ ಟೀಚ್ರೇ, ಓದ್ಸಿ ಏನ್ ಮಾಡ್ತೀಯ ಅಂತ?"

"ಕೇಳದೆ ಬಿಟ್ಟಾರಾ?" ಎಂದೆ.

ಅರ್ಜಿಯ ಶುಲ್ಕ ಎಷ್ಟೆಂದು ಕೇಳಿ, ಸೆರಗಿನ ತುದಿಯ ಗಂಟು ಮುಟ್ಟಿ ನೋಡಿಕೊಂಡು ಹೋದರು. ಹುಡುಗಿ ಅರ್ಜಿ ಹಾಕಿದ್ದಾಳೆ. ಬಿ.ಎಡ್.ಗೂ ಒಂದು ಹಾಕಿದ್ದಾಳೆ, ಅದು ಅಪ್ಪನ ಷರತ್ತು. ಸೀಟು ಯಾವುದು ಸಿಗುತ್ತದೋ ಇನ್ನೂ ತಿಳಿಯದು. ನಾನಂತೂ ಈ ಸಲ ವಿದೇಶಾಂಗ ನೀತಿಯ ಪಾಠವನ್ನು ಪಂಚಶೀಲದಿಂದ ಶುರು ಮಾಡಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಅಡಿಕೆ ಸುಲಿಯುತ್ತಾರಾ ಎಂದು ಕೇಳಿದೆ. ತರಗತಿಯ ಅರ್ಧದಷ್ಟು ಕೈಗಳು ಮೇಲೆದ್ದವು.